ಬಿಳಿ ಸೆರಗು, ಹೆಪ್ಪು ಮತ್ತ ಕೌಂಟರ್ ಆಚಿ ನಿಂತಾಂವ

ಇಳಕಲ್ ಸೀರಿ ಸೆರಗಿನ ಬಗ್ಗೆ ಕೇಳ್ರಿ, ನಮ್ಮ ಬಾಗಲಕೋಟಿ ಕಡೆ ಮಂದಿ ತಾಸಗಟ್ಲೆ ಮಾತಾಡ್ತಾರ, ಟೋಪಿ ತೆನಿ ಅಂತಾರ, ಕೊಂಡಿ ಹೆಂಗ ಹಾಕ್ತಾರ ಅಂತ ಕೈ ಮಾಡಿ ತೋರಿಸ್ತಾರ. ಬಿಳಿ ಸೆರಗು ಅಂದ್ಕೂಡ್ಲೆ ಮಾತ್ರ ದನಿ ಇಳೀತೈತಿ. ಆ ಇಳಿದ ದನಿ ಕೇಳ್ಕೊಂತ ನಾಕು ವರ್ಷ ನವನಗರದಾಗ ಒಂದು ಮೆಡಿಕಲ್ ಶಾಪ್‌ನ್ಯಾಗ ನಿಂತಾಂವ ನಾನು, ಈಗ ಇಂಗ್ಲೆಂಡಿನ ಲೀಡ್ಸ್‌ನ್ಯಾಗ ಫಾರ್ಮಸಿ ಕೌಂಟರ್ ಹಿಂದ ನಿಂತೀನಿ. ಗಂಡಸಾಗಿ ಇದನ್ಯಾಕ ಬರಿಯಾಕತ್ಯಾನ ಅನ್ಬ್ಯಾಡ್ರಿ, ಗುಳಿಗಿ ಎಣಿಸಿ ಕೊಟ್ಟಾಂವ ನಾನ.

ಊರಾಗ ಹೆಂಗಿತ್ತಂದ್ರ, ಹೆಣ್ಮಕ್ಕಳು ಬರೂದ ಕಡಿಮಿ, ಗಂಡ ಬರ್ತಿದ್ದ, ಕಿಸೆದಾಗಿಂದ ಖಾಲಿ ಸ್ಟ್ರಿಪ್ ತಗದು "ಇದ ಕೊಡ್ರಿ, ಮನ್ಯಾಗ ಅವ್ರಿಗೆ" ಅಂತಿದ್ದ, ನಾ ಕೊಡ್ತಿದ್ದೆ. ಆ ಸ್ಟ್ರಿಪ್ಪಿನ ಮೆಟ್ರೋನಿಡಜೋಲ್ ಆಂಟಿಬಯಾಟಿಕ್, ಶೆಡ್ಯೂಲ್ ಎಚ್ ಔಷಧ, ಚೀಟಿ ಇಲ್ದ ಕೊಡಬಾರ್ದು, ನಂಗೂ ಗೊತ್ತಿತ್ತು ಅಂವಗೂ ಗೊತ್ತಿತ್ತು. ಮನ್ಯಾಗಿನ ಹಿರ್ಯಾರು ಅದಕ್ಕೂ ಮೊದ್ಲ ತೀರ್ಪು ಕೊಟ್ಟಿರ್ತಿದ್ರು, ಉಷ್ಣ ಆಗೈತಿ, ಎಲುಬು ಕರಗಿ ಹೊಂಟಾವ, ಮೆಂತೆ ನೆನಸಿ ಕುಡಿ. ಎಲುಬು ಎಲ್ಲಿ ಕರಗ್ತಾವ್ರಿ, ಬಿಳಿ ಹೋಗೂದು ಸ್ವಲ್ಪ ಎಲ್ಲಾರಿಗೂ ಇರೂದ. ತೆಳ್ಳಗ ಬೂದಿ ಬಣ್ಣ ತಿರುಗಿ, ಮೀನಿನ ವಾಸನಿ ಬಂತಂದ್ರ ಮಾತ್ರ ಅದು ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದ್ರ ಯೋನಿಯೊಳಗಿನ ಬ್ಯಾಕ್ಟೀರಿಯಾದ ತೂಕ ತಪ್ಪಿದ ರೋಗ, ಇರಬಹುದು, ತುರಿಕಿ ಜೋರಾಗಿ ಮೊಸರು ಒಡದಂಗ ಹೋದ್ರ ಅದು ಬ್ಯಾರೆ, ಫಂಗಸ್. ಇವೆರಡಕ್ಕೂ ಔಷಧ ಬ್ಯಾರೆ ಬ್ಯಾರೆ, ಆದ್ರ ಸ್ಟ್ರಿಪ್ ನೋಡಿ ಕೊಡಾಂವಗ ಅದೇನ್ ತಿಳೀಬೇಕು.

ಸರಕಾರಿ ದವಾಖಾನ್ಯಾಗ ಹಸಿರು ಪ್ಯಾಕೆಟ್ ಒಂದೈತಿ, ಬ್ಯಾಕ್ಟೀರಿಯಾಕ್ಕ ಸೆಕ್ನಿಡಜೋಲ್ 2 ಗ್ರಾಂ, ಜೋಡಿ ಫಂಗಸ್ಸಿಗೆ ಫ್ಲೂಕೊನಜೋಲ್ 150 ಮಿಲಿಗ್ರಾಂ, ಅಂದ್ರ ಯಾವದ ಇರ್ಲಿ ಎರಡಕ್ಕೂ ಒಂದ ಹೊಡ್ತ. ಲ್ಯಾಬ್ ಇಲ್ಲದ ಹಳ್ಳಿಗೆ ಇದು ಶಾಣ್ಯಾತನದ ವ್ಯವಸ್ಥಾ, ನಾ ಬೈಯಂಗಿಲ್ಲ. ಆದ್ರ ಮೆಡಿಕಲ್ ಕಾಲೇಜ ಇರೂ ಊರಾಗೂ ಹಂಗ ಕತ್ತಲ್ಯಾಗ ಗುಂಡು ಹೊಡಿಯೂದು ಯಾಕ? ವಜೈನೋಸಿಸ್ ಗುರುತು ಹಿಡಿಯಾಕ 1983ರಿಂದ ಆಮ್ಸೆಲ್ ಅನ್ನೂ ಲೆಕ್ಕ ಐತಿ, ಹುಳಿ ಅಳಿಯೂ ಪಿಎಚ್ ಪಟ್ಟಿ 4.5ರ ಮ್ಯಾಲ ತೋರಿಸ್ಬೇಕು, ಒಂದು ಹನಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿದ್ರ ಮೀನಿನ ವಾಸನಿ ಹೊಡೀಬೇಕು, ಮೈಕ್ರೋಸ್ಕೋಪಿನ್ಯಾಗ ಕ್ಲೂ ಸೆಲ್, ಅಂದ್ರ ಬ್ಯಾಕ್ಟೀರಿಯಾ ಮೆತ್ಕೊಂಡ ಜೀವಕೋಶ, ಕಾಣ್ಬೇಕು, ಹೋಗೂದು ತೆಳ್ಳಗ ಒಂದ ನಮೂನಿ ಇರ್ಬೇಕು, ನಾಕರಾಗ ಮೂರು ಸಾಕು. ಇದಕ್ಕ ದೊಡ್ಡ ಮಶಿನ್ನೇನ್ ಬೇಕಾಗಿಲ್ಲ. ಲೀಡ್ಸ್‌ನ್ಯಾಗ ಕ್ಲಿನಿಕ್ಕಿಗೆ ಹೋದ್ರ ಹೆಣ್ಮಗಳ ಕೈಗೆ ಸ್ವ್ಯಾಬ್ ಕೊಟ್ಟು ಬಾತ್‌ರೂಮಿಗೆ ಕಳಸ್ತಾರ, ತನ್ನದು ತಾನ ತೊಗೊಂಡು ಬರ್ತಾಳ, ನಾಚಿಕಿ ಪ್ರಶ್ನೆನ ಇಲ್ಲ. ಇದೊಂದು ನಂಗ ಭಾಳ ಸೇರಿತು.

ಇನ್ನ ಔಷಧದ ವಿಷಯ. ಅಲ್ಲೆ ಯೋನಿಯೊಳಗ ಲ್ಯಾಕ್ಟೋಬ್ಯಾಸಿಲಸ್ ಅಂತ ಒಳ್ಳೆ ಕ್ರಿಮಿ ಇರ್ತಾವ, ಹುಳಿ ಮಾಡಿ ಇಟ್ಟಿರ್ತಾವ, ಅವು ಕಡಿಮಿ ಆದಾಗ ಗಾರ್ಡ್ನರೆಲ್ಲಾ ಅನ್ನೂ ಬ್ಯಾಕ್ಟೀರಿಯಾ ಮತ್ತ ಅದರ ಬಳಗ ಏರ್ತೈತಿ, ಅದ ವಜೈನೋಸಿಸ್. ನಮ್ಮ ಕಡೆ ಎಷ್ಟೋ ಮಂದಿ ಗಾಯಕ್ಕ ಹಚ್ಚೂ ಆಂಟಿಸೆಪ್ಟಿಕ್ ನೀರಿಗೆ ಹಾಕ್ಕೊಂಡು ಒಳಗ ತೊಳ್ಕೋತಾರ, ವಾಸನಿ ಹೋಗ್ಲಿ ಅಂತ, ಅದರಿಂದ ಒಳ್ಳೇವೂ ಸಾಯ್ತಾವ, ರೋಗ ಹೊಳ್ಳಿ ಬರ್ತೈತಿ. ಇಲ್ಲಿ ಸರಕಾರಿ ಆರೋಗ್ಯ ಸೇವಾ ಎನ್‌ಎಚ್‌ಎಸ್‌ನವ್ರು ಸ್ನಾನದ ನೀರಿಗೂ ಆಂಟಿಸೆಪ್ಟಿಕ್ ಹಾಕಬ್ಯಾಡ್ರಿ ಅಂತ ಬರದ ಹೇಳ್ಯಾರ. ಹಂಗಂತ ಆಂಟಿಸೆಪ್ಟಿಕ್ ಅಂದ್ರ ಎಲ್ಲಾ ಕೆಟ್ಟದ್ದೂ ಅಲ್ಲ. ಡಿಕ್ವಾಲಿನಿಯಂ ಕ್ಲೋರೈಡ್ ಅಂತ ಒಂದೈತಿ, ಗಂಟಲ ನೋವಿಗೆ ಚೀಪೂ ಗುಳಿಗ್ಯಾಗೂ ಅದ ಇರ್ತೈತಿ, 10 ಮಿಲಿಗ್ರಾಂ ಗುಳಿಗಿ ಆರು ರಾತ್ರಿ ಒಳಗ ಇಟ್ಕೊಳ್ಳೂದು. 2024ರಾಗ ಬಂದ ಯುರೋಪಿನ ಸ್ಟಡಿಯೊಳಗ ಇದೂ ಮೆಟ್ರೋನಿಡಜೋಲ್ ಗುಳಿಗಿನೂ ಸರಿಸಮ ನಿಂತ್ವು, ಎರಡರಾಗೂ ನೂರಕ್ಕ 90ರ ಮ್ಯಾಲ ಮಂದಿಗೆ ಗುಣ ಆತು. ಆಂಟಿಬಯಾಟಿಕ್ ಅಲ್ಲ, ಬಾಯಾಗ ಕಬ್ಬಿಣ ನೆಕ್ಕಿದಂಗ ರುಚಿ ಬರಂಗಿಲ್ಲ, ಹೊಟ್ಟಿ ತೊಳಸಂಗಿಲ್ಲ.

ಪ್ರೋಬಯಾಟಿಕ್ ಅಂದ್ರ ಒಳ್ಳೆ ಕ್ರಿಮಿ ತುಂಬಿದ್ದು, ನಮ್ಮವ್ವನ ಭಾಷಾದಾಗ ಹೆಪ್ಪು. ಇಲ್ಲಿ ನಮ್ಮ ಅಂಗಡ್ಯಾಗ ಒಂದು ಇಡೀ ಕಪಾಟ ಅದಕ್ಕ ಐತಿ, ಗುಲಾಬಿ ಡಬ್ಬಿ, ಹೂವಿನ ಚಿತ್ರ, 20-25 ಪೌಂಡ್. ಕೊಡೂವಾಗ ನಂಗ ಕೈ ನಡಗತೈತಿ ಅಂದ್ರ ಸುಳ್ಳಾಗ್ತೈತಿ, ಆದ್ರ ನವನಗರದಾಗ ಖಾಲಿ ಸ್ಟ್ರಿಪ್ ನೋಡಿ ಕೊಟ್ಟಿದ್ದು ನೆನಪಾಗ್ತೈತಿ, ಇದೂ ಅದ ಧಂದೆ, ಡಬ್ಬಿ ಚಂದ ಐತಿ ಅಷ್ಟ. ಹೆಪ್ಪು ಅಂದ್ರ ಯಾವ ಹೆಪ್ಪು? ಮೊಸರಿನ ಕ್ರಿಮಿನ ಬ್ಯಾರೆ, ಯೋನಿಯೊಳಗ ಗಟ್ಟ್ಯಾಗಿ ನಿಲ್ಲೂ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಬ್ಯಾರೆ, ಅದಕ್ಕ ಮೊಸರು ಹಚ್ಕೊಂಡ್ರ ಆಗಂಗಿಲ್ಲ. ಮತ್ತ ಹೊಲಸ ಗಡಗಿಗೆ ಎಂಥಾ ಹೆಪ್ಪ ಹಾಕಿದ್ರೂ ಮೊಸರು ಕೂಡಂಗಿಲ್ಲ, ಇದು ನಮ್ಮ ಮನಿ ಹೆಣ್ಮಕ್ಕಳಿಗೆ ಹೇಳ್ಕೊಡಬೇಕೇನು. ಅಮೆರಿಕಾದಾಗ 228 ಹೆಣ್ಮಕ್ಕಳ ಮ್ಯಾಲ ಹಂಗ ಮಾಡಿದ್ರು, ಮೊದ್ಲ ಮೆಟ್ರೋನಿಡಜೋಲ್ ಜೆಲ್ ಹಾಕಿ ಗಡಗಿ ತೊಳದು, ಆಮ್ಯಾಲ ಕ್ರಿಸ್ಪೇಟಸ್ ಹೆಪ್ಪು ಒಳಗನ ಇಟ್ರು, ವಾರಗಟ್ಲೆ. 2020ರಾಗ ಬಂದ ಲೆಕ್ಕ, 12 ವಾರದಾಗ ಹೊಳ್ಳಿ ಬಂದದ್ದು ಹೆಪ್ಪು ಇದ್ದಾರಾಗ ನೂರಕ್ಕ 30, ಇಲ್ಲದಾರಾಗ 45. ಚೊಲೋ ಆತು, ಆದ್ರ 30 ಮಂದಿಗೆ ಬಂದೇ ಬಂತಲ್ಲ. ಮತ್ತ ನಮ್ಮ ಕಪಾಟಿನ್ಯಾಗಿನ ಗುಲಾಬಿ ಡಬ್ಬಿ ಆ ಹೆಪ್ಪಲ್ಲ.

ತೊಳದ್ರೂ ಹೆಪ್ಪಿಟ್ರೂ ಹೊಳ್ಳಿ ಯಾಕ ಬರ್ತೈತಿ ಅಂತ ನಾನೂ ಭಾಳ ದಿನ ತಲಿ ಕೆಡಿಸ್ಕೊಂಡಿದ್ದೆ. 2025ರ ಮಾರ್ಚಿನ್ಯಾಗ ಮೆಲ್ಬರ್ನ್ ಕಡೆಯವರ ಸ್ಟಡಿ ಬಂತು, ಗಂಡನ ಕಡಿಂದ ಹೊಳ್ಳಿ ಹತ್ತತೈತೇನು ಅಂತ ನೋಡಾಕ, 164 ಜೋಡಿ. ಅರ್ಧ ಜೋಡಿಗೆ ಹೆಂಡ್ತಿಗಷ್ಟ ಔಷಧ, ಅರ್ಧಕ್ಕ ಗಂಡಗೂ, ಮೆಟ್ರೋನಿಡಜೋಲ್ ಗುಳಿಗಿ ಮತ್ತ ಕ್ಲಿಂಡಮೈಸಿನ್ ಅನ್ನೂ ಆಂಟಿಬಯಾಟಿಕ್ ಕ್ರೀಮ್ ಶಿಶ್ನಕ್ಕ ಹಚ್ಕೊಳ್ಳಾಕ, ಏಳು ದಿನ. ಮೊದ್ಲ ಗಂಡಸ್ರಿಗೆ ಬರೇ ಗುಳಿಗಿ ಕೊಟ್ಟು ನೋಡಿದ್ರು, ಉಪಯೋಗ ಆಗಿರ್ಲಿಲ್ಲ, ಈ ಸಲ ಕ್ರೀಮ್ ಸೇರಿಸಿದ್ರು. 12 ವಾರದಾಗ ಹೊಳ್ಳಿ ಬಂದದ್ದು ನೂರಕ್ಕ 63ರಿಂದ 35ಕ್ಕ ಇಳೀತು, ಫರಕ್ ಎಷ್ಟ ಸಾಫ್ ಇತ್ತಂದ್ರ ಸ್ಟಡಿನ ನಡಕ ನಿಲ್ಲಿಸಿದ್ರು.

ಓದಿದ ಮ್ಯಾಲ ನಂಗ ಒಬ್ಬಾಂವನ ಮಾರಿ ಕಣ್ಮುಂದ ಬಂತು, ಒಂದ ವರ್ಷದಾಗ ನಾಕು ಸಲ ಅದ ಖಾಲಿ ಸ್ಟ್ರಿಪ್ ಹಿಡ್ಕೊಂಡು ಬಂದಾಂವ, "ಏನ್ರಿ ನಿಮ್ಮ ಗುಳಿಗಿ, ಅಕಿಗೆ ಹತ್ತವಲ್ದು" ಅಂತ ನಂಗ ದಬಾಯಿಸಿದ್ದ. ಔಷಧ ಬೇಕಾದ ಇನ್ನೊಬ್ಬಾಂವ ಕೌಂಟರ್ ಆಚಿ ನನ್ನೆದುರಿಗೇ ನಿಂತಿದ್ದ.

ಆ ಅಂಗಡಿ ಈಗ ನನ್ನ ಗೆಳ್ಯಾ ನೋಡ್ಕೋತಾನ. ಫೋನ್ ಮಾಡಿ ಎಲ್ಲಾ ಹೇಳಿದೆ, ಖಾಲಿ ಸ್ಟ್ರಿಪ್ ತಂದ್ರ ಕೊಡಬ್ಯಾಡ, ಇಬ್ರೂ ಕೂಡಿ ಡಾಕ್ಟರ್ ಕಡೆ ಹೋಗ್ರಿ ಅನ್ನು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮ್ಯಾಲ ಅಂದ, "ಹೆಣ್ಮಕ್ಕಳಿಗೆ ಹೇಳ್ತೀನಿ ಮಾರಾಯಾ, ಗಂಡಸ್ರಿಗೆ ಮಾತ್ರ ನೀನ ಬಂದು ಹೇಳು, ನಾ ಇದ ಊರಾಗ ಇರಬೇಕು."