ಬೈಸಿಕೊಳ್ಳುವ ‘ಬೈ’

ಅಡುಗೆ ಸೋಡಾ ಪೊಟ್ಟಣದ ಬೆನ್ನ ಮೇಲೆ ಸಣ್ಣಕ್ಷರದಲ್ಲಿ ‘ಸೋಡಿಯಂ ಬೈಕಾರ್ಬನೇಟ್’ ಎಂದಿರುತ್ತದೆ. ಬೈಸಿಕಲ್ಲಿಗೆ ಎರಡು ಚಕ್ರವಿದ್ದ ಹಾಗೆ ಇದಕ್ಕೂ ಎರಡು ಕಾರ್ಬನೇಟ್ ಇರಬೇಕು ಎಂದುಕೊಂಡರೆ ಮೋಸಹೋದಿರಿ. ಒಂದು ಸೋಡಿಯಂ, ಒಂದು ಹೈಡ್ರೋಜನ್, ಒಂದು ಇಂಗಾಲ, ಮೂರು ಆಮ್ಲಜನಕ. ಎಷ್ಟು ಸಲ ಎಣಿಸಿದರೂ ಕಾರ್ಬನೇಟ್ ಒಂದೇ.

ಈ ‘ಬೈ’ಯನ್ನು ತಂದವನು ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್, 1814ರಲ್ಲಿ. ಅಣುವಿನ ಒಳಗುಟ್ಟು ಆಗಿನ್ನೂ ಬಯಲಾಗಿರಲಿಲ್ಲ. ರಸಾಯನಶಾಸ್ತ್ರಜ್ಞರ ಕೈಲಿದ್ದದ್ದು ತಕ್ಕಡಿ. ಬಟ್ಟೆ ಒಗೆಯುವ ಸೋಡಾದಲ್ಲಿ ಇಂತಿಷ್ಟು ಸೋಡಿಯಮ್ಮಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಇದೆಯೋ, ಅಷ್ಟೇ ಸೋಡಿಯಮ್ಮಿಗೆ ಇದರಲ್ಲಿ ಅದರ ಎರಡರಷ್ಟಿತ್ತು. ತೂಕದ ಲೆಕ್ಕ ಸರಿಯೇ. ಅವನು ಹೇಳಿದ್ದು ಹೋಲಿಕೆ, ನಾವು ಓದುವುದು ಎಣಿಕೆ. ಈಗಿನ ನಿಯಮದಂತೆ ಇದು ಸೋಡಿಯಂ ಹೈಡ್ರೋಜನ್ ಕಾರ್ಬನೇಟ್. ಪಠ್ಯಪುಸ್ತಕ ಒಪ್ಪಿಕೊಂಡರೂ ಆಸ್ಪತ್ರೆ ಒಪ್ಪಿಲ್ಲ: ರಕ್ತಪರೀಕ್ಷೆಯ ವರದಿಯಲ್ಲಿ ಇವತ್ತಿಗೂ ‘ಬೈಕಾರ್ಬನೇಟ್’, ಲೀಟರಿಗೆ ಸುಮಾರು 22ರಿಂದ 29 ಮಿಲಿಮೋಲ್.

ಆ ಎರಡನೆಯ ಪಾಲು ಹೊರಟುಹೋಗುವುದನ್ನು ತೂಗಿಯೇ ನೋಡಬಹುದು. 100 ಗ್ರಾಂ ಅಡುಗೆ ಸೋಡಾವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, 200 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ ಇಡಿ. ಅರ್ಧ ಡೈಆಕ್ಸೈಡು ನೀರಾವಿಯ ಜೊತೆ ಓಡಿಹೋಗಿ ಸುಮಾರು 63 ಗ್ರಾಂ ಉಳಿಯುತ್ತದೆ. ಉಳಿದದ್ದು ಬಟ್ಟೆ ಸೋಡಾ. ಬರಿಗೈಯಲ್ಲಿ ಮುಟ್ಟಬೇಡಿ, ಬಾಯಿಗಂತೂ ಬೇಡವೇ ಬೇಡ.

ಕೇಕಿಗೆ ಸೋಪಿನ ರುಚಿ ಬರುವುದೂ ಇದರಿಂದಲೇ. ಹಿಟ್ಟಿನಲ್ಲಿ ಹುಳಿ ಇಲ್ಲದಿದ್ದರೆ ಸೋಡಾ ಶಾಖಕ್ಕೆ ಅರ್ಧ ಅನಿಲವನ್ನಷ್ಟೇ ಬಿಟ್ಟು, ಮಿಕ್ಕದ್ದು ಬಟ್ಟೆ ಸೋಡಾ ಆಗಿ ಒಳಗೇ ಕೂರುತ್ತದೆ. ಮಂಗಳೂರು ಬನ್ಸಿಗೆ ಮೊಸರು ಬೀಳುವುದು ಬರೀ ರುಚಿಗಲ್ಲ; ಅದರ ಹುಳಿ ಎರಡೂ ಪಾಲು ಅನಿಲವನ್ನು ಹೊರಡಿಸುತ್ತದೆ. ಒಂದು ಕಪ್ ಮೈದಾಕ್ಕೆ ಕಾಲು ಚಮಚ ಸೋಡಾ ಸಾಕು. ಬಜ್ಜಿ ಹಿಟ್ಟಿಗೆ ಒಂದು ಚಿಟಿಕೆ ದಾಟಿದರೆ ಎಣ್ಣೆ ಕುಡಿಯುತ್ತದೆ, ಅರಿಸಿನ ಕೆಂಪಗೆ ತಿರುಗಿ ಗುಟ್ಟು ರಟ್ಟು ಮಾಡುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಊರಿಗೊಂದು ಹೆಸರು. ಬ್ರಿಟನ್ನಿನ ಪಾಕಪುಸ್ತಕದಲ್ಲಿ ‘ಬೈಕಾರ್ಬನೇಟ್ ಆಫ್ ಸೋಡಾ’, ಸಲಿಗೆಯಲ್ಲಿ ‘ಬೈಕಾರ್ಬ್’. ಅಮೆರಿಕದಲ್ಲಿ ‘ಬೇಕಿಂಗ್ ಸೋಡಾ’. ಅಲ್ಲಿನ ಹಳೆಯ ಪುಸ್ತಕಗಳ ‘ಸ್ಯಾಲರೇಟಸ್’, ಅಂದರೆ ಲ್ಯಾಟಿನ್ನಿನಲ್ಲಿ ಗಾಳಿ ತುಂಬಿದ ಉಪ್ಪು, ಮೊದಲು ಪೊಟ್ಯಾಸಿಯಂ ಬೈಕಾರ್ಬನೇಟಿನ ಹೆಸರಾಗಿದ್ದು ಆಮೇಲೆ ಇದಕ್ಕೂ ಅಂಟಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಪ್ರಾಮಾಣಿಕ ಹೆಸರು ಅದೇ.

ಬೇಕಿಂಗ್ ಪೌಡರ್ ಮಾತ್ರ ಬೇರೆ. ಅದರಲ್ಲಿ ಸೋಡಾದ ಜೊತೆಗೆ ಪುಡಿ ರೂಪದ ಆಮ್ಲವೂ ತೇವ ಹೀರುವ ಪಿಷ್ಟವೂ ಇರುತ್ತವೆ. ಹಾಗಾಗಿ ಉಬ್ಬಿಸುವ ಶಕ್ತಿ ಸುಮಾರು ಮೂರನೇ ಒಂದು ಭಾಗ. ಒಂದು ಚಮಚ ಪೌಡರ್ ಹಾಕುವಲ್ಲಿ ಒಂದು ಚಮಚ ಸೋಡಾ ಸುರಿದರೆ ಕೇಕು ಕಂದಾಗಿ, ಕಹಿಯಾಗಿ ಕೂರುತ್ತದೆ. ಹಳೆಯ ಡಬ್ಬಿಯ ಮೇಲೆ ಅನುಮಾನ ಬಂದರೆ ಪೌಡರನ್ನು ಬಿಸಿನೀರಿಗೆ ಹಾಕಿ, ಸೋಡಾದ ಮೇಲೆ ನಿಂಬೆರಸ ಹಿಂಡಿ. ಭುಸ್ ಎನ್ನದಿದ್ದರೆ ಹೊಸದನ್ನು ತನ್ನಿ.

‘ಸೋಡಾ’ ಎಂಬ ಮಾತಿನದು ಇನ್ನೂ ದೊಡ್ಡ ಸಂಸಾರ. ಒಂದು ಬೋಂಡಾ ಉಬ್ಬಿಸುತ್ತದೆ, ಒಂದು ಬಟ್ಟೆ ಒಗೆಯುತ್ತದೆ, ಕಾಸ್ಟಿಕ್ ಸೋಡಾ ಚರ್ಮವನ್ನೇ ಸುಡುತ್ತದೆ. ಮೂರರಲ್ಲೂ ಸೋಡಿಯಂ ಉಂಟು. ಹೆಸರಿನಲ್ಲಿ ಸೋಡಾ ಬಿಟ್ಟು ಬೇರೇನೂ ಇಲ್ಲದ ಸಾದಾ ಗೋಲಿ ಸೋಡಾಕ್ಕೆ ಮಾತ್ರ ಈ ಮೂರರಲ್ಲಿ ಒಂದನ್ನೂ ಹಾಕುವುದಿಲ್ಲ. ನೀರು, ಅನಿಲ, ಮೇಲೊಂದು ಗೋಲಿ.