ಎವರೆಸ್ಟ್ ತುದಿಗೆ ಸಮುದ್ರ ಏರಿರಲಿಲ್ಲ

ಎವರೆಸ್ಟ್ ಶಿಖರದಲ್ಲಿ ಕಡಲಜೀವಿಗಳ ಪಳೆಯುಳಿಕೆ ಸಿಕ್ಕಿರುವುದರಿಂದ ಹಿಂದೊಮ್ಮೆ ಪ್ರಳಯದ ನೀರು ಅಷ್ಟೆತ್ತರಕ್ಕೆ ಏರಿತ್ತು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಪಳೆಯುಳಿಕೆ ಇರುವುದು ನಿಜ, ತೀರ್ಮಾನ ತಪ್ಪು. ನೀರು ಏರಲಿಲ್ಲ, ಕಡಲ ತಳವೇ ಮೇಲೆದ್ದಿತು.

ಶಿಖರದ ಸುಣ್ಣಕಲ್ಲು 40 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದಲ್ಲಿ ಪದರಪದರವಾಗಿ ಕೂತದ್ದು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತವನ್ನು ಹೊತ್ತ ಭೂಫಲಕ, ಅಂದರೆ ಭೂಮಿಯ ಹೊರಪದರದ ಬೃಹತ್ ತುಂಡು, ಏಷ್ಯಾಕ್ಕೆ ಗುದ್ದಿತು. ಖಂಡಗಳ ಶಿಲೆ ಹಗುರ, ಸುಲಭವಾಗಿ ಆಳಕ್ಕೆ ಮುಳುಗದು. ಗೋಡೆಗೆ ಒತ್ತಿ ತಳ್ಳಿದ ಜಮಖಾನದಂತೆ ಪದರಗಳು ಮಡಿಚಿ, ಒಂದರ ಮೇಲೊಂದು ಹತ್ತಿದವು.

ದೇವರಮನೆಯಲ್ಲಿ ಸಾಲಿಗ್ರಾಮವಿದ್ದರೆ ನೋಡಿ. ನೇಪಾಳದ ಗಂಡಕಿ ನದಿಯಿಂದ ಬಂದ ಆ ಕರಿಕಲ್ಲಿನೊಳಗಿನ ಸುರುಳಿ, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದಲ್ಲಿ ಬದುಕಿದ್ದ ಅಮೋನೈಟ್ ಎಂಬ ಚಿಪ್ಪುಜೀವಿಯ ಗುರುತು. (ಅದನ್ನು ಚಕ್ರವೆನ್ನುವವರೊಡನೆ ನನಗೆ ಜಗಳವಿಲ್ಲ.) ಭೂಫಲಕಗಳ ತಳ್ಳಾಟ ಇನ್ನೂ ನಿಂತಿಲ್ಲ, 2015ರ ನೇಪಾಳದ ಭೂಕಂಪ ಅದರದ್ದೇ ಫಲ.