ಬಾಯಿ ಬಿಗಿ, ಬಾಯಿ ಸಡಿಲ

ಮದ್ದೂರಿನ ಹತ್ತಿರ ನಮ್ಮ ಊರ ಮನೆಯಲ್ಲಿ ತಾತನ ಕಾಲದ ಜೋಡು ನಳಿಗೆ ಕೋವಿ ಒಂದಿದೆ. 12 ಬೋರಿನದು. ಒಂದು ಪೌಂಡ್ ಸೀಸದಲ್ಲಿ ಸಮನಾಗಿ 12 ಉಂಡೆ ಕಟ್ಟಿದರೆ, ಅದರಲ್ಲಿ ಒಂದು ಈ ನಳಿಗೆಗೆ ಸರಿಯಾಗಿ ಕೂರುತ್ತದೆ. ಹೆಸರು ಬಂದಿದ್ದು ಹಾಗೆ. ದಿನಾ ಮುದ್ದೆ ಕಟ್ಟುವ ಮಂಡ್ಯದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಹೋದ ವರ್ಷ ಚಿಕ್ಕಪ್ಪನಿಗೆ ಇದ್ದಕ್ಕಿದ್ದ ಹಾಗೆ ಕೋವಿ ಮೇಲೆ ಬೇಜಾರು ಬಂತು. 'ತೋಟಾದೊಳಗಿನ ಸಣ್ಣ ಗುಂಡು, ಈ ಚರೆ, ಸುಮ್ನೆ ಚೆಲ್ಲಾಪಿಲ್ಲಿ ಹೋಗ್ತವೆ ಕಣೋ. ತುದಿ ಒಂಚೂರು ಕುಯ್ಸಿಬಿಟ್ರೆ ಸರಿಹೋಗುತ್ತೆ' ಅಂದ. ನನ್ನನ್ನೂ ಕಾರಿಗೆ ಹತ್ತಿಸಿಕೊಂಡು ಮೈಸೂರಿಗೆ ಹೊರಟ.

ಕೋವಿ ರಿಪೇರಿ ಮಾಡುವ ಹಿರಿಯರು ಕನ್ನಡಕ ಹಣೆಗೇರಿಸಿ, ಎರಡೂ ನಳಿಗೆಯ ಬಾಯಿಗೆ ಅಳತೆಕಡ್ಡಿ ಇಟ್ಟು ನೋಡಿದರು. ಬಲಗಡೆಯದು ನೇರ. ಎಡಗಡೆಯದು ಮಾತ್ರ ತುದಿಯಲ್ಲಿ ಸುಮಾರು 1 ಮಿಲಿಮೀಟರ್ ಕಿರಿದಾಗಿತ್ತು. 'ಇದಕ್ಕೆ ಚೋಕ್ ಅಂತಾರೆ. 40 ಗಜ ದೂರದಲ್ಲಿ 30 ಇಂಚಿನ ಒಂದು ದುಂಡು ಹಾಕಿ ಹೊಡೆದ್ರೆ, ಬಾಯಿ ಬಿಗಿ ಇರೋ ನಳಿಗೆ ನೂರಕ್ಕೆ ಸುಮಾರು 70 ಚರೆ ಒಳಗೆ ಹಾಕುತ್ತೆ. ಸಡಿಲ ಇರೋದು ಸುಮಾರು 40.' ಹತ್ತಿರದ ಹಕ್ಕಿಗೆ ಬಲಗಡೆಯದು, ಅದು ತಪ್ಪಿಸಿಕೊಂಡು ದೂರ ಹಾರಿದಾಗ ಎಡಗಡೆಯದು. ಹಳಬರು ಯೋಚನೆ ಮಾಡಿಯೇ ಮಾಡಿದ್ದರು. ಬಾಯಿ ಸಡಿಲ ಅಂದಾಗ ನಾನು ಚಿಕ್ಕಪ್ಪನ ಮುಖ ನೋಡಲಿಲ್ಲ.

'ಈ ಬಿಗಿ ಇರೋದೇ ತುದಿಯ ಎರಡು ಮೂರು ಇಂಚಲ್ಲಿ. ಅದನ್ನೇ ಕುಯ್ದ್ರೆ ಉಳಿಯೋದೇನು ಸ್ವಾಮಿ? ಲೈಸೆನ್ಸ್ ಇಲ್ದೆ ನಳಿಗೆ ಗಿಡ್ಡ ಮಾಡೋ ಹಾಗೂ ಇಲ್ಲ, 1959ರ ಆರ್ಮ್ಸ್ ಆಕ್ಟ್ ಇದೆ. ಬೇರೆ ಥರದ ತೋಟಾ ಹಾಕಿ ನೋಡಿ, ಅದರಲ್ಲೇ ಎಷ್ಟೋ ವ್ಯತ್ಯಾಸ ಆಗುತ್ತೆ.' ಎಣ್ಣೆಬಟ್ಟೆಯಲ್ಲಿ ಒಮ್ಮೆ ಒರೆಸಿ ಕೋವಿ ವಾಪಸ್ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ.

ಶ್ರೀರಂಗಪಟ್ಟಣ ದಾಟುವವರೆಗೂ ಚಿಕ್ಕಪ್ಪ ತುಟಿ ಬಿಚ್ಚಲಿಲ್ಲ.

ಮನೆಯಲ್ಲಿ ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು, ಅವರೆಕಾಯಿ ಸುಲಿಯುತ್ತಲೇ ಅಂದಳು: 'ಕಬ್ಬಿಗೆ ಹಂದಿ ಬಂದ್ರೆ ನೀವು ಹೊಡೆಯೋದು ಆಕಾಶಕ್ಕೆ ತಾನೇ? ಚರೆ ಎಲ್ಲಿಗೆ ಹೋದ್ರೇನು? ಢಂ ಅಂದ್ರೆ ಸಾಕಲ್ವಾ?'

ಚಿಕ್ಕಪ್ಪ ಉತ್ತರ ಕೊಡಲಿಲ್ಲ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಟೀ ಅಂಗಡಿ ಮುಂದೆ ಮಂಕರಿ ಬೋರಲು ಹಾಕಿ, ಸುತ್ತ ಕಡ್ಡಿಯಲ್ಲಿ ಗೀಟು ಎಳೆಯುತ್ತಿದ್ದ. 'ನೋಡ್ರಪ್ಪಾ, ಇದು 30 ಇಂಚು ಅಂತಿಟ್ಕೊಳ್ಳಿ...'